ಉಸಿರಿನ ಲೆಕ್ಕ

ನಮ್ಮೂರಲ್ಲಿ ರಾಗಿ ಒಕ್ಕಣೆ ಶುರುವಾದರೆ ನನ್ನನ್ನು ಕಣದ ಹತ್ತಿರ ಬಿಡ್ತಿರಲಿಲ್ಲ. ಹೊಟ್ಟಿನ ಧೂಳು ಮೂಗಿಗೆ ಹೋದರೆ ಸಾಕು, ರಾತ್ರಿಯೆಲ್ಲ ಉಬ್ಬಸ. ಅಮ್ಮ ಬೆನ್ನು ನೀವುತ್ತಾ ಕೂತಿರೋಳು. ಬಿಇ ಮುಗಿಸಿ ಬೆಂಗಳೂರಿಗೆ ಬಂದೆ. ಕಣ ತಪ್ಪಿತು, ಹೆಬ್ಬಾಳದ ಫ್ಲೈಓವರ್ ಗಂಟುಬಿತ್ತು. ಇನ್‌ಹೇಲರ್ ಇಲ್ಲದೆ ಮನೆ ಬಿಟ್ಟ ದಿನವಿಲ್ಲ.

ಎರಡು ವರ್ಷದ ಹಿಂದೆ ಒಂದು ಯೋಗ ಶಿಬಿರಕ್ಕೆ ಸೇರಿದೆ. "ಪ್ರಾಣಾಯಾಮ ಮಾಡೋರಿಗೆ ಆ ಪಂಪು ಯಾಕ್ರೀ? ಬಿಸಾಕಿ" ಅಂದರು ಅಲ್ಲಿನ ಗುರುಗಳು. ಬಿಸಾಕಲಿಲ್ಲ, ಡ್ರಾಯರ್‌ನಲ್ಲಿಟ್ಟೆ. ಹನ್ನೊಂದನೇ ರಾತ್ರಿ ರೂಮ್‌ಮೇಟ್ ನನ್ನನ್ನು ಆಟೋದಲ್ಲಿ ಎಮರ್ಜೆನ್ಸಿಗೆ ಹಾಕಿಕೊಂಡು ಹೋದ. "ಔಷಧಿ ನಿಲ್ಲಿಸು ಅಂತ ಯಾರಪ್ಪಾ ಹೇಳಿದ್ದು?" ಡಾಕ್ಟರಮ್ಮ ಕೇಳಿದರು. ಉತ್ತರ ಕೊಡೋಕೂ ಉಸಿರಿರಲಿಲ್ಲ.

ಯೋಗದ ಮೇಲೇ ಸಿಟ್ಟು ಬಂತು. ಇದನ್ನ ಯಾರಾದರೂ ಅಳೆದು ನೋಡಿದ್ದಾರಾ ಅಂತ ಆ ಸಿಟ್ಟಲ್ಲೇ ಹುಡುಕಿದೆ. ಸಿಕ್ಕಿದ್ದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನ 1985ರ ಒಂದು ಪುಟ್ಟ ಲೇಖನ. ಬರೆದವರು ಬೆಂಗಳೂರಿನವರೇ: ವೈದ್ಯೆ ಡಾ. ಆರ್. ನಾಗರತ್ನ, ಮತ್ತು ಡಾ. ಎಚ್.ಆರ್. ನಾಗೇಂದ್ರ.

ಈ ನಾಗೇಂದ್ರ ವೈದ್ಯರಲ್ಲ, ನಮ್ಮ ಜಾತಿ, ಎಂಜಿನಿಯರ್! ಯಶವಂತಪುರದ ಪಕ್ಕದಲ್ಲೇ ಇರುವ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ 1968ರಲ್ಲಿ ಮೆಕ್ಯಾನಿಕಲ್ ಪಿಎಚ್‌ಡಿ. ಆಮೇಲೆ ಕೆನಡಾ, ನಾಸಾ. ನಮ್ಮ ಕಡೆಯ ಕತೆಗಳು ಇಲ್ಲಿಗೆ ಗ್ರೀನ್ ಕಾರ್ಡ್ ತಗೊಂಡು ಮುಗಿಯುತ್ತವೆ. ಇವರು ವಾಪಸ್ ಬಂದು, 1975ರಲ್ಲಿ ಏಕನಾಥ ರಾನಡೆ ಕನ್ಯಾಕುಮಾರಿಯಲ್ಲಿ ಕಟ್ಟಿದ್ದ ವಿವೇಕಾನಂದ ಕೇಂದ್ರ ಸೇರಿದರು. ಕೇಂದ್ರದ ಯೋಗ ಚಿಕಿತ್ಸೆ, ಸಂಶೋಧನೆಯ ಕೆಲಸ ಬೆಂಗಳೂರಲ್ಲಿ ಬೆಳೆಯಿತು. 1986ರಲ್ಲಿ 'ವ್ಯಾಸ' ಸಂಸ್ಥೆ ಆಯಿತು, 2002ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯ, ಎಸ್-ವ್ಯಾಸ. ಜಿಗಣಿ ಹತ್ತಿರದ ಪ್ರಶಾಂತಿ ಕುಟೀರ ಅಂತಾರಲ್ಲ, ಅದೇ.

ಆ ಲೇಖನವನ್ನ ನಾಲ್ಕು ಸಲ ಓದಿದೆ. ಉಬ್ಬಸದ 53 ಜನಕ್ಕೆ ಎರಡು ವಾರ ಯೋಗ ಕಲಿಸಿ, ದಿನಕ್ಕೆ 65 ನಿಮಿಷ ಮಾಡಿ ಅಂದರು. ವಯಸ್ಸು, ಕಾಯಿಲೆಯ ತೀವ್ರತೆ ಎಲ್ಲ ಹೊಂದುವ ಇನ್ನೊಂದು 53 ಜನ ಯೋಗವಿಲ್ಲದೆ ಇದ್ದರು. ಯೋಗದವರಿಗೆ ವಾರದ ಉಬ್ಬಸ ಕಮ್ಮಿಯಾಯಿತು, ಔಷಧಿಯ ಅಗತ್ಯ ಇಳಿಯಿತು, ಕೊಳವೆಗೆ ಜೋರಾಗಿ ಊದಿ ಅಳೆಯುವ ಪೀಕ್ ಫ್ಲೋ ಏರಿತು. ತಕರಾರು ತೆಗೆಯಬಹುದು, ತಾನು ಯೋಗ ಮಾಡ್ತಿದೀನಿ ಅನ್ನೋದು ರೋಗಿಗೆ ಗೊತ್ತೇ ಇರುತ್ತಲ್ಲ, ಅದನ್ನ ಮಾತ್ರೆ ಥರ ಮುಚ್ಚಿಡೋಕಾಗಲ್ಲ. ಆದರೆ ನನ್ನ ಕಣ್ಣು ನಿಂತದ್ದು ಬೇರೆ ಕಡೆ: ಎರಡೂ ಗುಂಪಿನವರು ತಮ್ಮ ಔಷಧಿ ಮುಂದುವರಿಸಿದ್ದರು. ಯಾರ ಪಂಪನ್ನೂ ಯಾರೂ ಬಿಸಾಕಿಸಿರಲಿಲ್ಲ. ಔಷಧಿ ಇಳಿದದ್ದು ಉಸಿರು ಸುಧಾರಿಸಿದ ಮೇಲೆ. ನನ್ನ ಗುರುಗಳು ಇದನ್ನ ತಿರುಗಾಮುರುಗಾ ಮಾಡಿದ್ದರು, ನಾನು ಬಿಇ ಓದಿದವನು ತಲೆಯಾಡಿಸಿದ್ದೆ.

ಒಂದು ಶನಿವಾರ ಜಿಗಣಿಗೆ ಹೊರಟೆ. ಹೆಬ್ಬಾಳದಿಂದ ಅಂದರೆ ಇಡೀ ಊರು ದಾಟಬೇಕು. ಜಿಗಣಿಯಲ್ಲಿ ಗ್ರಾನೈಟ್ ಕೊಯ್ಯುವ ಯೂನಿಟ್‌ಗಳು. ಉಸಿರು ಕಲಿಯೋಕೆ ಹೋಗುವ ದಾರಿಯಲ್ಲೇ ಕಲ್ಲಿನ ಧೂಳು. ಹೆಲ್ಮೆಟ್ ಒಳಗೇ ನಕ್ಕೆ. ಗೇಟು ದಾಟಿದರೆ ಮರ, ನೆರಳು, ನಿಧಾನಕ್ಕೆ ಓಡಾಡುವ ಜನ. ನಾನು ಮೊದಲು ಕೇಳಿದ್ದು ಒಂದೇ, "ಇನ್‌ಹೇಲರ್ ಇಟ್ಕೋಬಹುದಾ?" ಕೌಂಟರಲ್ಲಿದ್ದ ಹುಡುಗಿ ವಿಚಿತ್ರವಾಗಿ ನೋಡಿದಳು. "ಇಟ್ಕೊಳ್ಳಿ ಸಾರ್, ಅದನ್ನ ಯಾಕೆ ಬಿಡ್ತೀರಾ?"

ಈಗ ದಿನಾ ಬೆಳಿಗ್ಗೆ ಅಭ್ಯಾಸ, ನಲವತ್ತು ನಿಮಿಷ. 65 ನನ್ನಿಂದಾಗಲ್ಲ, ಎಂಟೂವರೆಗೆ ಸ್ಟ್ಯಾಂಡಪ್ ಕಾಲ್. ಮುನ್ನೂರು ರೂಪಾಯಿ ಚಿಲ್ಲರೆ ಕೊಟ್ಟು ಒಂದು ಪೀಕ್ ಫ್ಲೋ ಮೀಟರ್ ತಂದಿದ್ದೀನಿ, ಊದಿ ಎಕ್ಸೆಲ್‌ನಲ್ಲಿ ಬರೆದಿಡ್ತೀನಿ. ಶುರುವಿನಲ್ಲಿ 340, ಕಳೆದ ತಿಂಗಳು 410ರ ಆಸುಪಾಸು. ಡಾಕ್ಟರಮ್ಮ ಶೀಟು ನೋಡಿ ಒಂದು ಡೋಸ್ ಇಳಿಸಿದರು, ಇನ್ನೊಂದನ್ನ ಮುಟ್ಟಲಿಲ್ಲ.

ಮೊನ್ನೆ ಅಮ್ಮ ಫೋನ್ ಮಾಡಿದ್ದಳು. "ಒಕ್ಕಣೆಗೆ ಬರ್ತೀಯೇನಪ್ಪಾ?"

"ಬರ್ತೀನಿ. ಮಾಸ್ಕ್ ಹಾಕ್ಕೊಂಡು, ದೂರ ನಿಂತು ನೋಡ್ತೀನಿ."

"ಪಂಪು ತಗೊಂಡು ಬಾ" ಅಂದಳು.