ಬೆಣ್ಣೆಗಾಗದ ಮಾವಿನ ಕಾಲ

ಹಣ್ಣಿಗೂ ಪಫ್‌ಗೂ ಹುಟ್ಟಿನಿಂದಲೇ ಆಗಿಬರುವುದಿಲ್ಲ. ಹಣ್ಣೆಂದರೆ ರಸ, ಪಫ್ ಎಂದರೆ ಗರಿಗರಿ. ರಸ ಹೆಚ್ಚಾದರೆ ಪದರ ನೆನೆದು ಮುದ್ದೆಯಾಗುತ್ತದೆ; ರಸವೇ ಇಲ್ಲದಿದ್ದರೆ ಹಣ್ಣು ಹಾಕಿದ್ದಾದರೂ ಯಾಕೆ? ಇವೆರಡನ್ನೂ ಒಂದೇ ಓವನ್ನಿಗೆ ಕಳಿಸಿ ಜಗಳವಿಲ್ಲದೆ ಹೊರಗೆ ಕರೆತರುವುದರಲ್ಲೇ ಮಜಾ ಇರುವುದು.

ಬೆಂಗಳೂರಿನಲ್ಲಿ ಇನ್ನೂ ಒಂದು ತೊಡಕು. ಮಾವು ಬರುವುದು ಬೇಸಿಗೆಗೆ, ಬೆಣ್ಣೆ ಕೇಳುವುದು ಚಳಿಯನ್ನು. ಏಪ್ರಿಲ್ ಮಧ್ಯಾಹ್ನ ಇಲ್ಲಿ 34 ಡಿಗ್ರಿ ಮುಟ್ಟುವುದು ಮಾಮೂಲು. ಬೆಣ್ಣೆ ಕರಗುವುದೂ ಹೆಚ್ಚುಕಡಿಮೆ ಅದೇ ಶಾಖಕ್ಕೆ. ಡಿಸೆಂಬರಿನಲ್ಲಿ ಲಟ್ಟಿಸೋಣವೆಂದರೆ ಮಾವಿಲ್ಲ. ಹಾಗಾಗಿ ಮಾವಿನ ಕಾಲದಲ್ಲಿ ನನ್ನ ಲಟ್ಟಣಿಗೆಗೆ ಹಾಲಿನ ಪ್ಯಾಕೆಟ್ ಬರುವ ಹೊತ್ತಿಗೇ ಕೆಲಸ ಶುರು.

ಮೈದಾಹಿಟ್ಟಿಗೆ ಚಿಟಿಕೆ ಉಪ್ಪು ಸೇರಿಸಿ, ತಣ್ಣೀರಿನಲ್ಲಿ ಕಲಸಿಟ್ಟ ಕಣಕ. ಅದನ್ನು ಚೌಕವಾಗಿ ಲಟ್ಟಿಸಿ, ನಡುವೆ ಬೆಣ್ಣೆಯ ಹಲಗೆಯಿಟ್ಟು, ನಾಲ್ಕೂ ಕಡೆಯಿಂದ ಮುಚ್ಚಬೇಕು. ಆಮೇಲೆ ಉದ್ದಕ್ಕೆ ಲಟ್ಟಿಸಿ ಮೂರು ಮಡಿಕೆ ಮಾಡಿ ಅರ್ಧ ಗಂಟೆ ಫ್ರಿಜ್ಜಿನಲ್ಲಿ ಮಲಗಿಸುವುದು. ಇಂಥ ಆರು ಸುತ್ತಾದರೆ ಬೆಣ್ಣೆಯ ಪದರ 729. ಬೇಕಿಂಗ್ ಪೌಡರಿಲ್ಲ, ಈಸ್ಟಿಲ್ಲ. ಓವನ್ನಿನ ಬಿಸಿಗೆ ಕಣಕದ ನೀರು, ಬೆಣ್ಣೆಯೊಳಗಿನ ನೀರು ಆವಿಯಾಗಿ ಒಂದೊಂದು ಪದರವನ್ನೂ ಎತ್ತುತ್ತದೆ. ಲಟ್ಟಿಸುವಾಗಲೇ ಬೆಣ್ಣೆ ಕರಗಿ ಹಿಟ್ಟಿನೊಳಗೆ ಇಳಿದುಬಿಟ್ಟರೆ ಎತ್ತುವುದಕ್ಕೆ ಪದರವೇ ಉಳಿಯುವುದಿಲ್ಲ.

ಇನ್ನು ಹೂರಣ. ರಸಪುರಿ ಸೀಕರಣೆಗೆ ಸರಿ, ಇಲ್ಲಿಗಲ್ಲ. ಬಾದಾಮಿಯನ್ನು ಸುಮ್ಮನೆ ಹೆಚ್ಚಿಕೊಂಡು ತಿನ್ನುವುದೇ ಅದಕ್ಕೆ ಸಲ್ಲುವ ಮರ್ಯಾದೆ. ನನ್ನ ಆಯ್ಕೆ ಯಾರೂ ಅಷ್ಟಾಗಿ ಆದರಿಸದ ತೋತಾಪುರಿ, ಅದೂ ದೋರೆಗಾಯಿ. ಗಟ್ಟಿ ತಿರುಳು, ಬಿಡದ ಹುಳಿ. ಬೇಯಿಸಿದರೂ ಹೋಳು ಹೋಳಾಗಿಯೇ ಉಳಿಯುತ್ತದೆ. ಸಣ್ಣಗೆ ಹೆಚ್ಚಿ ಸಕ್ಕರೆ ಬೆರೆಸಿ ಒಲೆಯ ಮೇಲಿಟ್ಟರೆ, ಒಂದು ತೊಟ್ಟು ನೀರು ಹಾಕದಿದ್ದರೂ ಬಾಣಲೆ ತುಂಬ ರಸ ಬಿಡುತ್ತದೆ. ಅವಸರಪಡದೆ ಅದನ್ನು ಬತ್ತಿಸಬೇಕು. ಬಾಣಲೆಯ ತಳದಲ್ಲಿ ಸೌಟಿನಿಂದ ಗೆರೆ ಎಳೆದರೆ ಅದು ತಕ್ಷಣ ಮುಚ್ಚಿಕೊಳ್ಳದೆ ಒಂದು ಗಳಿಗೆ ಹಾಗೇ ನಿಲ್ಲಬೇಕು, ಹದ ಅದು. ಏಲಕ್ಕಿ, ಜಜ್ಜಿದ ಎರಡು ಕಾಳುಮೆಣಸು ಹಾಕಿ ಪೂರ್ತಿ ಆರಲು ಬಿಡುತ್ತೇನೆ.

ತುಂಬುವ ಹೊತ್ತಿಗೆ ಅತ್ತೆ ಅಡುಗೆಮನೆಗೆ ಬರುತ್ತಾರೆ. “ಬೆಳಗ್ಗೆಯಿಂದ ಇಷ್ಟೆಲ್ಲಾ ಮಾಡಿ ಹೂರಣ ಒಂದೇ ಚಮಚಾನಾ?” ಅವರದು ಹೋಳಿಗೆಯ ಲೆಕ್ಕ. ಅಲ್ಲಿ ಕಣಕ ಬರೀ ತೆಳ್ಳನೆ ಹೊದಿಕೆ, ಹೂರಣದ್ದೇ ದರ್ಬಾರು. ಇಲ್ಲಿ ಜಿಪುಣತನವೇ ಜಾಣತನ. “ಜಾಸ್ತಿ ತುಂಬಿದ್ರೆ ಒಡೆದುಹೋಗುತ್ತೆ ಅತ್ತೆ” ಎಂದು ಅಂಚನ್ನು ಫೋರ್ಕಿನಿಂದ ಒತ್ತಿ, ಆವಿ ಹೋಗಲು ಮೇಲೆ ಎರಡು ಗೀರು ಹಾಕಿ, 200 ಡಿಗ್ರಿಗೆ ಕಾದ ಓವನ್ನಿನೊಳಗೆ ತಳ್ಳುತ್ತೇನೆ. ಗಾಜಿನಾಚೆ ಅವು ಒಂದೊಂದಾಗಿ ಮೈ ಬಿಚ್ಚಿ ಎದ್ದು ನಿಲ್ಲುವುದನ್ನು ನೋಡಲು ಅತ್ತೆ ಕುರ್ಚಿಯನ್ನೇ ಎಳೆದುಕೊಳ್ಳುತ್ತಾರೆ.

ನಮ್ಮ ಅಯ್ಯಂಗಾರ್ ಬೇಕರಿಗಳು ಈ ರಸದ ರಗಳೆಯನ್ನು ಬೇರೆಯೇ ರೀತಿ ಬಗೆಹರಿಸಿಕೊಂಡಿವೆ. ದಿಲ್‌ಪಸಂದಿನ ತೆಂಗಿನ ತುರಿಯ ನಡುವೆ ಮಿನುಗುವ ಕೆಂಪು ಹಸಿರು ಟೂಟಿ ಫ್ರೂಟಿ, ಸಕ್ಕರೆ ಪಾಕದಲ್ಲಿ ಮುಳುಗೆದ್ದ ಪಪ್ಪಾಯಿಕಾಯಿ. ಸೋರುವ ಮಾತೇ ಇಲ್ಲ. ಅಂಗಡಿಯ ತಿಂಡಿಗೆ ಗಾಜಿನ ಕಪಾಟಿನಲ್ಲಿ ಗಿರಾಕಿಗೆ ಕಾಯುವ ತಾಳ್ಮೆ ಬೇಕಲ್ಲ! ಮನೆಯ ಪಫ್‌ಗೆ ಅಂಥ ಹಂಗಿಲ್ಲ. ಅದು ಬಾಳಬೇಕಾದದ್ದು ಹೆಚ್ಚೆಂದರೆ ಒಂದು ಗಂಟೆ. ಓವನ್ನಿನಿಂದ ತೆಗೆದು ಹತ್ತು ನಿಮಿಷ ಬಿಟ್ಟರೆ ಪದರ ಗರಿಗರಿ, ಒಳಗಿನ ಮಾವು ಇನ್ನೂ ಬೆಚ್ಚಗೆ. ಬಾಣಲೆಯಲ್ಲಿ ಉಳಿದ ಹೂರಣವನ್ನು ಅತ್ತೆ ಆಗ ಧಾರಾಳವಾಗಿ ಎಲ್ಲರ ತಟ್ಟೆಗೂ ಬಡಿಸುತ್ತಾರೆ, ಪಫ್‌ನ ಮೇಲೆಯೇ. ನಾನು ಬೇಡವೆನ್ನುವುದಿಲ್ಲ. ನಮ್ಮ ಮನೆಯಲ್ಲಿ ನೆನೆಯಲು ಪದರಕ್ಕೆ ಪುರುಸೊತ್ತೇ ಸಿಗುವುದಿಲ್ಲ.