ಧಾರವಾಡದಲ್ಲಿ ಮೂರು ರಾತ್ರಿ

"ಹುಡುಗಿಯರ ಖೋ ಖೋ ತಂಡ ಧಾರವಾಡದ ಪಂದ್ಯಾವಳಿಗೆ ಹೋಗುತ್ತಿದೆ. ಉಳಿಯುವ ವ್ಯವಸ್ಥೆ ನಿಮ್ಮದು" ಎಂದು ನಮ್ಮ ಸಂಘದವರು 2018ರಲ್ಲಿ ಹೇಳಿದಾಗ ನನಗೆ ನಗು ಬಂತು. ಧಾರವಾಡ ನನ್ನ ತವರೂರು. ಕರ್ನಾಟಕ ಕಾಲೇಜಿನಲ್ಲಿ ಇಂಗ್ಲಿಷ್ ಬಿ.ಎ. ಓದಿದವಳು ನಾನು. ಆ ಊರಿನ ಗಲ್ಲಿಗಲ್ಲಿಯೂ ಗೊತ್ತು. ನಾಲ್ಕು ಖೋಲಿ ಹಿಡಿಯುವುದು ಏನು ಮಹಾ ಕೆಲಸ?

ಆದರೆ ತವರೂರಿನಲ್ಲಿ ಲಾಡ್ಜಿಗೆ ಹೋಗಿ ಇಳಿಯುವವರು ಯಾರು ಹೇಳಿ! ನಮ್ಮ ಮನೆ ಮಾರಿ ವರ್ಷಗಳಾಗಿದ್ದವು. ಊರೆಲ್ಲ ಗೊತ್ತಿದ್ದರೂ ಅಲ್ಲಿನ ಲಾಡ್ಜುಗಳ ವಿಷಯದಲ್ಲಿ ನನ್ನ ಜ್ಞಾನ ಸೊನ್ನೆ. ಮುಂಬಯಿಯಿಂದಲೇ ಫೋನು ಮಾಡಿದೆ, ಬಾಡಿಗೆ ಕೇಳಿದೆ, ಮುಂಗಡ ಕಳಿಸಿದೆ. ಹನ್ನೆರಡು ಹುಡುಗಿಯರು, ತರಬೇತಿಯ ಸರ್, ಇನ್ನೊಬ್ಬ ತಾಯಿ ಮತ್ತು ನಾನು, ಒಟ್ಟು ಹದಿನೈದು ಜನ. ಹುಡುಗಿಯರಿಗೆ ಮೂರು ಖೋಲಿ, ನಮ್ಮಿಬ್ಬರಿಗೆ ಒಂದು. ಸರ್ ತಮ್ಮ ಗೆಳೆಯರ ಮನೆಯಲ್ಲಿ ಇರುತ್ತೇನೆಂದರು. ಲೆಕ್ಕ ಸರಿಯಾಯಿತು ಎಂದುಕೊಂಡೆ.

ದಾದರಿನಿಂದ ರಾತ್ರಿ ರೈಲು ಹತ್ತಿದೆವು. ನನ್ನ ಚಿಕ್ಕಂದಿನಲ್ಲಿ ಮೀರಜದಿಂದಾಚೆ ಮೀಟರ್ ಗೇಜ್ ಹಳಿ ಇತ್ತು. ಮುಂಬಯಿಗೆ ಬರುವಾಗ ಟ್ರಂಕು, ಹಾಸಿಗೆ ಸುರುಳಿ ಹೊತ್ತು ಮೀರಜದಲ್ಲಿ ಗಾಡಿ ಬದಲಿಸಬೇಕಿತ್ತು. ಈಗ ಆ ತಾಪತ್ರಯವಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟರೆ ಕಿಟಕಿಯಾಚೆ ಬೆಳಗಾವಿ ಕಡೆಯ ಹಸಿರು. ನಾನು ಒಂದೊಂದೇ ನಿಲ್ದಾಣದ ಹೆಸರು ಹೇಳುತ್ತಿದ್ದರೆ ಹುಡುಗಿಯರು ಕಿವಿಗೆ ತಂತಿ ಸಿಕ್ಕಿಸಿಕೊಂಡು ಹಾಡು ಕೇಳುತ್ತಿದ್ದರು.

ಲಾಡ್ಜ್ ತಲುಪಿದಾಗ ಗೊತ್ತಾಯಿತು, ಮಧ್ಯಾಹ್ನ ಹನ್ನೆರಡರವರೆಗೆ ಖೋಲಿ ಇಲ್ಲ. ಸ್ನಾನವಿಲ್ಲದೆ ಕೈಚೀಲಗಳ ಮೇಲೆ ಕುಳಿತೆವು. ಕೊನೆಗೆ ಸಿಕ್ಕ ಖೋಲಿಗಳಲ್ಲಿ ಮೂರು ಮೊದಲ ಮಹಡಿಯಲ್ಲಿ, ನಮ್ಮದು ಮೂರನೆಯ ಮಹಡಿಯಲ್ಲಿ. ಹಿಂದುಗಡೆ ಕಲ್ಯಾಣ ಮಂಟಪ. ಅದು ಡಿಸೆಂಬರ್ ಮೊದಲ ವಾರ. ತುಳಸಿ ಲಗ್ನ ಮುಗಿದ ಮೇಲೆ ನಮ್ಮ ಕಡೆ ಮದುವೆಗಳ ಸುಗ್ಗಿ ಎಂಬುದನ್ನು ತವರಿನ ಮಗಳಾದ ನಾನೇ ಮರೆತಿದ್ದೆ. ಮಧ್ಯರಾತ್ರಿಯವರೆಗೂ ಬ್ಯಾಂಡು ಮೊಳಗಿತು.

ಅದೂ ಹೋಗಲಿ. ಮನಸ್ಸಿಗೆ ಇವತ್ತಿಗೂ ಚುಚ್ಚುವುದು ಬೇರೆ ಸಂಗತಿ. ತಂಡದಲ್ಲಿ ಹದಿಮೂರರ ಒಬ್ಬ ಹುಡುಗಿ ಇದ್ದಳು, ಬೆನ್ನಟ್ಟುವುದರಲ್ಲಿ ಎಲ್ಲರಿಗಿಂತ ಚುರುಕು. ಆ ರಾತ್ರಿ ಅವಳಿಗೆ ಮುಟ್ಟಿನ ಹೊಟ್ಟೆನೋವು ಶುರುವಾಯಿತು. ಬಿಸಿನೀರು ಕೇಳಲು ಒಬ್ಬಳೇ ಕೆಳಗೆ ಹೋದಳು. ಕೌಂಟರಿನಲ್ಲಿ ವಯಸ್ಸಾದ ಕಾವಲುಗಾರ. ಅವಳು ಹಿಂದಿಯಲ್ಲಿ ಹೇಳಿದಳು, ಅವನಿಗೆ ತಿಳಿಯಲಿಲ್ಲ. "ಏನ್ ಬೇಕವ್ವಾ?" ಎಂದು ಅವನು ಮತ್ತೆ ಮತ್ತೆ ಕೇಳಿದನಂತೆ. ಅವಳು ಹಾಗೆಯೇ ಮೇಲೆ ಬಂದು ಬೆಳಗಿನವರೆಗೆ ಮುದುಡಿ ಮಲಗಿದಳು. ನನ್ನ ಖೋಲಿ ಎಲ್ಲಿದೆ ಎಂಬುದೂ ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ.

ಬೆಳಿಗ್ಗೆ ವಿಷಯ ತಿಳಿದು, "ಬಿಸಿನೀರು ಬೇಕು ಅಂತ ಕನ್ನಡದಲ್ಲಿ ಹೇಳಬಾರದಿತ್ತೇನೆ? ಮನೆಯಲ್ಲಿ ದಿನಾ ಕೇಳುವ ಮಾತಲ್ಲವೇ?" ಎಂದೆ. ಅವಳು ತಲೆ ತಗ್ಗಿಸಿ, "ನನ್ನ ಕನ್ನಡ ಕೇಳಿ ನಗ್ತಾರೆ ಅನ್ನಿಸಿತು ಆಂಟಿ" ಎಂದಳು. ಅವಳು ಆಡಲಿಲ್ಲ. ಉಳಿದವರು ತೂಕಡಿಸುತ್ತಲೇ ಆಡಿದರು. ಮೊದಲ ಪಂದ್ಯವನ್ನೇ ಸೋತೆವು.

ಆ ಲಾಡ್ಜಿನ ಹೆಸರು ಹೇಳಿ ಬೈಯುವ ಮನಸ್ಸಿಲ್ಲ. ಕೇಳಬೇಕಾದ್ದನ್ನು ನಾನು ಕೇಳಿರಲಿಲ್ಲ. ಬಾಡಿಗೆ ಎಷ್ಟು ಎಂದು ಮಾತ್ರ ಕೇಳಿದ್ದೆ.

ಐದು ವರ್ಷದ ನಂತರ, 2023ರ ನವೆಂಬರಿನಲ್ಲಿ, ಅದೇ ಊರಿಗೆ ಹೊಸ ತಂಡದೊಂದಿಗೆ ಹೋಗುವ ಅವಕಾಶ ಬಂತು. ಈ ಸಲ ಒಂದು ನೋಟುಬುಕ್ಕು ಇಟ್ಟುಕೊಂಡೆ. ಮುಂದೆ ನೀವು ಯುವಕರೇ ತಂಡ ಕರೆದುಕೊಂಡು ಹೋಗುವವರು, ಆದ್ದರಿಂದ ಅದರಲ್ಲಿದ್ದದ್ದನ್ನು ಹೇಳುತ್ತೇನೆ.

ಊರಿನಲ್ಲಿ ಆ ದಿನಗಳಲ್ಲಿ ಬೇರೇನಿದೆ ಎಂದು ಮೊದಲು ವಿಚಾರಿಸಿ. ಮದುವೆಯ ಮುಹೂರ್ತಗಳಿದ್ದರೆ ಖೋಲಿ ಸಿಗುವುದು ಕಷ್ಟ. ಧಾರವಾಡಕ್ಕೆ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆಂದು ಸುತ್ತಲಿನ ಜಿಲ್ಲೆಗಳ ರೈತರೆಲ್ಲ ಬರುತ್ತಾರೆ. 2008ರಿಂದ ಹೈಕೋರ್ಟಿನ ಪೀಠವೂ ಇರುವುದರಿಂದ ವಾರದ ದಿನಗಳಲ್ಲಿ ಕಕ್ಷಿದಾರರು ಬರುತ್ತಾರೆ. ಸಿಗದಿದ್ದರೆ ಸುಮಾರು ಇಪ್ಪತ್ತು ಕಿಲೋಮೀಟರು ದೂರದ ಹುಬ್ಬಳ್ಳಿ ಇದ್ದೇ ಇದೆ. ಆದರೆ ಬೆಳಗಿನ ಪಂದ್ಯವಿದ್ದಾಗ ಆ ಇಪ್ಪತ್ತು ಕಿಲೋಮೀಟರು ಮಕ್ಕಳ ಒಂದು ಗಂಟೆಯ ನಿದ್ದೆ ತಿನ್ನುತ್ತದೆ.

ಲಾಡ್ಜಿನವರನ್ನು ಇಷ್ಟು ಕೇಳಿ: ಖೋಲಿಯ ಲೆಕ್ಕ ಬಂದ ಹೊತ್ತಿನಿಂದ ಇಪ್ಪತ್ನಾಲ್ಕು ಗಂಟೆಯೋ, ಮಧ್ಯಾಹ್ನ ಹನ್ನೆರಡಕ್ಕೆ ಶುರುವೋ? ಬಿಸಿನೀರು ಎಷ್ಟರಿಂದ ಎಷ್ಟರವರೆಗೆ? ಕೆಳಗೆ ಬಾರ್ ಇದೆಯೇ? ಪಕ್ಕದಲ್ಲಿ ಕಲ್ಯಾಣ ಮಂಟಪವಿದೆಯೇ? ಬೆಳಿಗ್ಗೆ ಆರೂವರೆಗೆ ನಾಷ್ಟಾ ಸಿಗುತ್ತದೆಯೇ? ಎಲ್ಲ ಖೋಲಿಗಳೂ ಒಂದೇ ಮಹಡಿಯಲ್ಲಿ, ಒಂದೇ ಸಾಲಿನಲ್ಲಿರಲಿ. ಸಾಲಿನ ಮೊದಲ ಖೋಲಿಯಲ್ಲಿ ದೊಡ್ಡವರಿರಲಿ. ಒಂದು ಖೋಲಿಗೆ ಮೂವರು ಸಾಕು. ನಾಲ್ಕನೆಯವಳು ನೆಲದ ಗಾದಿಯ ಮೇಲೆ ಮಲಗಿ ಮರುದಿನ ಓಡಬೇಕಾಗುತ್ತದೆ. ಪ್ರತಿ ಮಗುವಿನ ಗುರುತಿನ ಚೀಟಿಯ ಪ್ರತಿ, ತಂದೆತಾಯಿಯ ಒಪ್ಪಿಗೆ ಪತ್ರ ಜೊತೆಗಿರಲಿ. ಹೊರಡುವ ದಿನ ಸ್ನಾನಕ್ಕೂ ಸಾಮಾನಿಗೂ ಒಂದು ಖೋಲಿಯನ್ನು ಸಂಜೆವರೆಗೆ ಉಳಿಸಿಕೊಳ್ಳಿ.

ರೈಲಿನದೂ ಒಂದು ಲೆಕ್ಕವಿದೆ. ಒಂದು ಟಿಕೆಟಿನಲ್ಲಿ ಆರೇ ಜನ. ಹದಿನೈದು ಜನಕ್ಕೆ ಮೂರು ಟಿಕೆಟು. ಬೇರೆ ಬೇರೆ ಡಬ್ಬಿ ಬರಬಹುದು, ಆದ್ದರಿಂದ ಪ್ರತಿ ಟಿಕೆಟಿನಲ್ಲೂ ಒಬ್ಬ ದೊಡ್ಡವರ ಹೆಸರಿರಲಿ. 2024ರ ನವೆಂಬರಿನಿಂದ 60 ದಿನ ಮೊದಲಷ್ಟೇ ಸೀಟು ಕಾದಿರಿಸಬಹುದು, ಹಿಂದೆ 120 ದಿನವಿತ್ತು. ಖೋಲಿ ಮೊದಲೇ ಹಿಡಿಯುವುದಾದರೆ, ಸೀಟು ಸಿಗದಿದ್ದಲ್ಲಿ ಮುಂಗಡ ವಾಪಸು ಕೊಡುತ್ತಾರೆಯೇ ಎಂದು ಕೇಳಿಕೊಳ್ಳಿ.

ಇಷ್ಟೆಲ್ಲ ಬರೆದುಕೊಂಡೆ, ಆದರೆ ಈ ಸಲ ಲಾಡ್ಜಿಗೆ ಫೋನು ಮಾಡಿದವಳು ನಾನಲ್ಲ. ಹಳೆಯ ತಂಡದ ಆ ಹುಡುಗಿ ಈಗ ಕಾಲೇಜು ಸೇರಿದ್ದಳು, ಚಿಕ್ಕವರ ಜೊತೆಗೆ ನಾನೂ ಬರುತ್ತೇನೆಂದು ಮುಂದೆ ಬಂದಳು. "ನಾನೇ ಕೇಳ್ತೀನಿ ಆಂಟಿ" ಎಂದು ಫೋನು ತೆಗೆದುಕೊಂಡಳು. ಅಜ್ಜಿಯ ಹತ್ತಿರ ಹೇಳಿಸಿಕೊಂಡು ಬಂದಿದ್ದಳೋ ಏನೋ, "ಅಣ್ಣಾರ, ಬಿಸಿನೀರು ಎಷ್ಟಕ್ಕ ಬರ್ತಾವ್ರಿ?" ಎಂದಳು. ಆ ಕಡೆಯಿಂದ ಏನೋ ಕೇಳಿದರು. "ಮುಂಬೈದಾಕೀ ರೀ. ಅಜ್ಜಿ ಊರು ಗದಗ" ಎಂದು ಉತ್ತರಿಸಿದಳು. ಅವರು ನಕ್ಕರು. ಅವಳೂ ನಕ್ಕಳು. ನಗುತ್ತಾರೆಂದು ಐದು ವರ್ಷ ಹೆದರಿದ್ದವಳಿಗೆ ಆ ನಗೆ ಎಂಥದ್ದೆಂದು ಆಗ ತಿಳಿಯಿತು.

ನಾವು ಇಳಿದಾಗ ಆರು ಖೋಲಿಗಳೂ ಒಂದೇ ಸಾಲಿನಲ್ಲಿ ಸಿದ್ಧ. "ಬರ್ರಿ ಅಕ್ಕಾರ, ನಿಮ್ಮ ಗದಗಿನ ಮೊಮ್ಮಗಳು ಯಾರ್ರಿ?" ಎಂದು ಮ್ಯಾನೇಜರು ಅವಳನ್ನೇ ಹುಡುಕಿದರು. ಹತ್ತಿರದ ಖಾನಾವಳಿ ತೋರಿಸಿಕೊಟ್ಟವರೂ ಅವರೇ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಪಿಜ್ಜಾ ಕೇಳುವ ಹುಡುಗಿಯರು ಎರಡೆರಡು ರೊಟ್ಟಿ ತಿಂದರು.

ಬಿಡುವಿನ ಒಂದು ಸಂಜೆ ಸಾಧನಕೇರಿಗೆ ಹೋಗಿ ಬೇಂದ್ರೆಯವರಿದ್ದ ಮನೆಯನ್ನೂ ಕೆರೆಯನ್ನೂ ನೋಡಿದೆವು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಮುಂದೆ ನಿಂತಾಗ, "ನಮ್ಮ ಸಂಘಕ್ಕಿಂತ ಹಳೇದಾ ಆಂಟಿ?" ಎಂದು ಒಬ್ಬಳು ಕೇಳಿದಳು. ಲೈನ್ ಬಜಾರಿನಲ್ಲಿ ಪೇಡೆಯ ಸರದಿಯಲ್ಲಿ ನಿಂತು, ಸಕ್ಕರೆ ಪುಡಿ ಮೆತ್ತಿದ ಬೆರಳು ನೆಕ್ಕುತ್ತ ಲಾಡ್ಜಿಗೆ ಮರಳಿದೆವು. ಒಂಬತ್ತೂವರೆಗೆ ದೀಪ ಆರಿತು.

ಸೆಮಿಫೈನಲ್ಲಿನಲ್ಲಿ ಸೋತೆವು. ಎದುರಿನ ತಂಡ ನಮಗಿಂತ ಚೆನ್ನಾಗಿ ಆಡಿತು, ಅಷ್ಟೇ. ನಿದ್ದೆಗೆಟ್ಟು ಸೋತದ್ದಲ್ಲ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು, ನಮ್ಮ ಮಹಿಳೆಯರೂ ಪುರುಷರೂ ಗೆದ್ದರು. ಮಹಿಳಾ ತಂಡದ ನಾಯಕಿ ಮಹಾರಾಷ್ಟ್ರದ ಪ್ರಿಯಾಂಕಾ ಇಂಗಳೆ. ಕರ್ನಾಟಕದ ಚೈತ್ರಾ ಅದೇ ತಂಡದಲ್ಲಿದ್ದರು. ಆಮೇಲೆ ನಮ್ಮಲ್ಲಿಯೂ ಆಟಕ್ಕೆ ಬರುವ ಮಕ್ಕಳು ಹೆಚ್ಚಾಗಿದ್ದಾರೆ. ಮುಂದಿನ ಪ್ರಯಾಣಕ್ಕೆ ನನ್ನ ನೋಟುಬುಕ್ಕು ಕೊಡುತ್ತೇನೆ. ಫೋನು ಮಾತ್ರ ನೀವೇ ಮಾಡಬೇಕು, ಕನ್ನಡದಲ್ಲಿ. ತಪ್ಪಾದರೆ ಆಗಲಿ.