ಹರಕೆಯೂ ಹನ್ನೆರಡು ರೂಪಾಯಿಯೂ

ನಮ್ಮ ಕಡೆ ಮನೆಗೊಂದು ಕಷ್ಟ ಬಂತೆಂದರೆ ಮೊದಲು ಬಾಯಿಗೆ ಬರುವುದು ಕುಕ್ಕೆ ಸುಬ್ರಹ್ಮಣ್ಯನ ಹೆಸರು. ಕ್ಷೇತ್ರ ಈಗ ಕಡಬ ತಾಲೂಕಿಗೆ ಸೇರಿದೆ, ಮೊದಲು ಸುಳ್ಯದಲ್ಲಿತ್ತು. ತಾಲೂಕು ಬದಲಾದರೂ ಹರಕೆ ಬದಲಾಗಲಿಲ್ಲ. ಮೈಮೇಲೆ ಕಜ್ಜಿ ಎದ್ದರೆ, ಮಕ್ಕಳಾಗದಿದ್ದರೆ, ಮದುವೆ ಕೂಡಿ ಬಾರದಿದ್ದರೆ ಆಶ್ಲೇಷ ಬಲಿ, ಅದಕ್ಕೂ ಬಗ್ಗದಿದ್ದರೆ ಸರ್ಪ ಸಂಸ್ಕಾರ. ಮುಜರಾಯಿ ಇಲಾಖೆಯ ದೇವಸ್ಥಾನಗಳಲ್ಲಿ ಆದಾಯದಲ್ಲಿ ಇದೇ ಮೊದಲನೆಯದು, ವರ್ಷಕ್ಕೆ 100 ಕೋಟಿ ರೂಪಾಯಿ ದಾಟಿದೆ. ಅದರಲ್ಲಿ ನನ್ನ ಪಾಲೂ ಇದೆ. ಆ ಪಾಲಿನ ಒಂದು ರಶೀದಿಯ ಕಥೆ ಇದು.

2019ರ ಮಳೆಗಾಲ. ಅಡಿಕೆ ತೋಟಕ್ಕೆ ಮೊದಲ ಮದ್ದು ಮಳೆ ಹಿಡಿಯುವ ಮುಂಚೆಯೇ ಬಿಟ್ಟಾಗಿತ್ತು. ಎರಡನೆಯದಕ್ಕೆ ಬಿಸಿಲು ಬರಲಿ ಎಂದು ನಾವು ಕಾಯಬಹುದು, ಕೊಳೆರೋಗ ಕಾಯುವುದಿಲ್ಲ. ಒಂದು ಬೆಳಿಗ್ಗೆ ಮಳೆ ಬಿಟ್ಟದ್ದೇ ತಡ, ಡ್ರಮ್ಮಿಗೆ ಮೈಲುತುತ್ತು ಸುಣ್ಣ ಕದಡಿದೆವು. ನಮ್ಮಲ್ಲಿಗೆ ವರ್ಷಗಳಿಂದ ಬರುತ್ತಿದ್ದವ ಕಾಲಿಗೆ ತಳೆ ಹಾಕಿ ಹತ್ತಿದ. ಅವನ ಅಂಗಿ, ಲುಂಗಿ, ಉಗುರಿನ ಸಂದಿ ಎಲ್ಲ ಆ ತಿಂಗಳು ನೀಲಿ. ಒಂದೊಂದು ಮರಕ್ಕೂ ಇಳಿದು ಹತ್ತುತ್ತಾ ಕೂತರೆ ದಿನ ಸಾಲುವುದಿಲ್ಲ; ಈ ಮರದ ತಲೆಯನ್ನು ಬಾಗಿಸಿ ಪಕ್ಕದ ಮರಕ್ಕೆ ಕೈ ಹಾಕಿ ದಾಟುವುದು ಅವನ ಕ್ರಮ. ಪಾಚಿ ಹಿಡಿದ ಮರ, ಕೈ ಜಾರಿತು. ಪೈಪಿನ ತುದಿ ನೆಲದಲ್ಲಿ ಹಾವಿನಂತೆ ಹೊರಳುತ್ತಾ ಇನ್ನೂ ಮದ್ದು ಉಗುಳುತ್ತಿತ್ತು, ಮೋಟಾರು ನಿಲ್ಲಿಸಬೇಕೆಂದು ಯಾರಿಗೂ ನೆನಪಾಗಲಿಲ್ಲ.

ಬೆನ್ನುಹುರಿಗೆ ಪೆಟ್ಟು. ಮಂಗಳೂರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಕಾಲು ಉಳಿಯಲಿಲ್ಲ.

ನಾನು ಮಾಡಿದ್ದೇನು? ಮೊದಲ ದಿನ ಜೀಪು ಮಾಡಿ ಕಳಿಸಿದೆ, ಕೈಗೆ ಸಿಕ್ಕಷ್ಟು ಹಣ ಕೊಟ್ಟೆ. ಆಮೇಲೆ ಹರಕೆ ಹೊತ್ತೆ. ಅವನ ಹೆಂಡತಿಗೆ ಫೋನು ಮಾಡಿ ನಕ್ಷತ್ರ ಕೇಳಿಕೊಂಡೆ, ಕುಕ್ಕೆಯಲ್ಲಿ ಅವನ ಹೆಸರಿನಲ್ಲಿ ಆಶ್ಲೇಷ ಬಲಿ ಮಾಡಿಸಿದೆ. ಹೊರಗೆ ಬರುವಾಗ ಎದೆಯ ಭಾರ ಇಳಿದಿತ್ತು, ಸುಳ್ಳು ಹೇಳುವುದಿಲ್ಲ. ನನ್ನದು ನಾಟಕದ ಭಕ್ತಿಯೂ ಅಲ್ಲ. ನಾಲ್ಕು ತಲೆಮಾರಿನ ನಂಬಿಕೆ ಅದು, ಈಗಲೂ ಇದೆ. ಹುತ್ತದ ಮೃತ್ತಿಕೆಯ ಪ್ರಸಾದ ಹಿಡಿದುಕೊಂಡು ನೇರ ಅವರ ಮನೆಗೆ ಹೋದೆ. "ಗುಣ ಆಗ್ತದೆ, ಹೆದರಬೇಡಿ" ಎಂದೆ.

ಆಕೆ ಪ್ರಸಾದ ಕಣ್ಣಿಗೊತ್ತಿಕೊಂಡು ದೇವರ ಫೋಟೋದ ಎದುರು ಇಟ್ಟಳು. ಅಲ್ಲಿ ಅಂಥದ್ದೇ ಇನ್ನೊಂದು ಪೊಟ್ಟಣ ಆಗಲೇ ಇತ್ತು. "ನಾನೂ ಮೊನ್ನೆ ಬಸ್ಸಿನಲ್ಲಿ ಹೋಗಿ ತಂದೆ ಧನಿಗಳೇ. ಶುಕ್ರವಾರ ಪುನಃ ಮಂಗಳೂರಿಗೆ ಬರ್ಲಿಕ್ಕೆ ಹೇಳಿದ್ದಾರೆ. ಇವರನ್ನು ಮಲಗಿಸಿಕೊಂಡೇ ಹೋಗ್ಬೇಕು, ಬಾಡಿಗೆ ಎಷ್ಟಾಗ್ತದೋ" ಎಂದಳು. ನನ್ನನ್ನು ಕೇಳಿದ್ದಲ್ಲ ಅದು, ಸುಮ್ಮನೆ ಹೇಳಿಕೊಂಡದ್ದು. ದೇವರ ಹತ್ತಿರ ಹೋಗುವ ಕೆಲಸಕ್ಕೆ ಆ ಮನೆಗೆ ನನ್ನ ಅಗತ್ಯ ಇರಲಿಲ್ಲ. ಅವರಲ್ಲಿ ಇಲ್ಲದ್ದು ಬಾಡಿಗೆಯ ದುಡ್ಡು.

ಇದನ್ನು ನಾನು ಹೇಳಿಕೊಂಡದ್ದು ಕಡಬದ ಕಡೆ ರಬ್ಬರ್ ಮಾಡಿಕೊಂಡಿರುವ ಒಬ್ಬ ಚೇಟನ ಹತ್ತಿರ. ಜಾಗ ಹುಡುಕಿಕೊಂಡು ಕೇರಳದಿಂದ ಬಂದು ನೆಲ್ಯಾಡಿ, ಕಡಬದ ಗುಡ್ಡಗಳಲ್ಲಿ ರಬ್ಬರ್ ಎಬ್ಬಿಸಿದ ಸಿರಿಯನ್ ಕ್ರೈಸ್ತರ ಪೈಕಿ. ಆತ ಶೀಟು ಒತ್ತುತ್ತಾ ಕೇಳಿಸಿಕೊಂಡು, ತಮ್ಮ ಬೈಬಲ್ಲಿನ ಯಾಕೋಬನ ಪತ್ರದಲ್ಲಿ ನಿನ್ನ ಕಥೆ ಆಗಲೇ ಬರೆದಿದೆ ಎಂದ. ಬಟ್ಟೆಯೂ ಊಟವೂ ಇಲ್ಲದವನಿಗೆ ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ ಎಂದು ಬಾಯಲ್ಲಿ ಹರಸಿ ಕಳಿಸಿದರೆ ಏನು ಬಂತು ಎಂದು ಅಲ್ಲಿ ಕೇಳುತ್ತಾನಂತೆ. ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಎನ್ನುವುದು ಆತನ ವಾದ. ನನಗೆ ನಾಟಿತು. ಇಷ್ಟಕ್ಕೆ ನಿಲ್ಲುವುದಾದರೆ ನಂಬಿಕೆಗಿಂತ ಕೆಲಸ ದೊಡ್ಡದು ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು.

ಆದರೆ ನಾನು ಕೆಲಸವನ್ನೂ ಮಾಡಿ ನೋಡಿದೆ. ತಿಂಗಳು ತಿಂಗಳು ಹಣ ಕಳಿಸತೊಡಗಿದೆ. ಗಾಲಿಕುರ್ಚಿ ಕೊಡಿಸಿದೆ. ಅಡಿಕೆ ಲೆಕ್ಕದ ಪುಸ್ತಕದಲ್ಲೇ ಅವನ ಹೆಸರಿಗೊಂದು ಹಾಳೆ ತೆರೆದು ಬರೆದಿಟ್ಟೆ. ಬರೆದದ್ದಕ್ಕಿಂತ ಆಡಿದ್ದು ಜಾಸ್ತಿ. ಸೊಸೈಟಿಯ ಸಭೆಯಲ್ಲಿ, ಪುತ್ತೂರಿನ ಮದುವೆ ಹಾಲಿನ ಊಟದ ಪಂಕ್ತಿಯಲ್ಲಿ, "ಈಗಿನ ಕಾಲದಲ್ಲಿ ಯಾರು ನೋಡ್ತಾರೆ ಮಾರಾಯ್ರೆ, ನಾನು ನೋಡ್ತಾ ಇದ್ದೇನೆ" ಎಂದು ಹೇಳಿದ್ದು ನನಗೇ ನೆನಪಿದೆ. ಅವನ ಮಗ ಬೆಳೆದು ಬೇರೆ ತೋಟಕ್ಕೆ ಕೆಲಸಕ್ಕೆ ಹೋಗತೊಡಗಿದಾಗ ದಾರಿಯಲ್ಲಿ ನಿಲ್ಲಿಸಿ, ಇಷ್ಟೆಲ್ಲ ಮಾಡಿದವನ ತೋಟ ನಿನಗೆ ಬೇಡವಾಯಿತೋ ಎಂದು ಕೇಳಿಯೂಬಿಟ್ಟೆ. ಹುಡುಗ ತಲೆ ತಗ್ಗಿಸಿ ಹೋದ. ಮುಂದಿನ ತಿಂಗಳ ಹಣ ಅಂಗಡಿಯವರ ಮೂಲಕ ನನಗೆ ವಾಪಸು ಬಂತು. ಅದರ ನಂತರ ಅವರು ನನ್ನಿಂದ ಏನನ್ನೂ ತೆಗೆದುಕೊಂಡಿಲ್ಲ.

ಚೇಟನ ಬೈಬಲ್ಲಿನಲ್ಲಿ ಇದಕ್ಕೂ ಒಂದು ಪತ್ರ ಇತ್ತು, ಪೌಲನದ್ದು. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ ಬರುವಂಥದ್ದು. ಕ್ರಿಯೆಯಿಂದ ಅಲ್ಲ, ಯಾರೂ ಜಂಬ ಕೊಚ್ಚಿಕೊಳ್ಳದಿರಲಿ ಎಂದು. ಮೊದಲ ಸಲ ನನ್ನನ್ನು ಹಿಡಿದವ ಯಾಕೋಬ, ಎರಡನೆಯ ಸಲ ಪೌಲ. ಇಬ್ಬರೂ ಒಂದೇ ಪುಸ್ತಕದಲ್ಲಿ ಇದ್ದಾರೆ ಎನ್ನುವುದೇ ನನಗೆ ಸೋಜಿಗ. ಜರ್ಮನಿಯ ಲೂಥರ್‌ಗೆ ಈ ಯಾಕೋಬನ ಪತ್ರ ಕಂಡರೆ ಆಗುತ್ತಿರಲಿಲ್ಲ. 1517ರಲ್ಲಿ ಆತ ಎದ್ದು ನಿಂತದ್ದು ಪಾಪದ ಶಿಕ್ಷೆಯ ವಿನಾಯಿತಿಗೆ ಹಣ ಪಡೆದು ಚೀಟಿ ಕೊಡುತ್ತಿದ್ದ ಪದ್ಧತಿಯ ವಿರುದ್ಧ. ಅಲ್ಲಿ ಹೊತ್ತಿದ ಜಗಳದಲ್ಲಿ ಯುರೋಪು ಇಬ್ಭಾಗವಾಗಿ, ಕಥೋಲಿಕರೂ ಲೂಥರನ್ನರೂ ಈ ವಿಷಯಕ್ಕೆ ಒಂದು ಜಂಟಿ ಹೇಳಿಕೆಗೆ ಸಹಿ ಹಾಕುವಾಗ 1999 ಆಗಿತ್ತು. ಪುಣ್ಯದ ರಶೀದಿ ಎಂದರೆ ಏನೆಂದು ನನಗೆ ಯಾರೂ ವಿವರಿಸಬೇಕಾಗಿಲ್ಲ, ಎರಡು ನಮೂನೆಯದ್ದೂ ನನ್ನ ಹತ್ತಿರ ಇತ್ತು.

ಅದೇ ಲೂಥರನ ಹಾದಿಯಿಂದ ಬಂದವರು 1834ರಲ್ಲಿ ಮಂಗಳೂರಿಗೆ ಇಳಿದ ಬಾಸೆಲ್ ಮಿಷನ್ನಿನವರು. ನಂಬಿಕೆಯೊಂದರಿಂದಲೇ ರಕ್ಷಣೆ ಎನ್ನುವುದು ಅವರ ಬೋಧನೆ. ಆದರೆ ಮತಾಂತರವಾದವರನ್ನು ಊರು ಹೊರಗಿಟ್ಟಿತು, ಹೊಟ್ಟೆಪಾಡು ಹೋಯಿತು. ಆಗ ಮಿಷನ್ನಿನವರು ಮಗ್ಗ ಹಾಕಿದರು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆ ಹಂಚು ಜಿಲ್ಲೆಯ ಎಲ್ಲ ಜಾತಿಯವರ ಮಾಡಿಗೂ ಏರಿತು. ಬೋಧನೆಯಲ್ಲಿ ಕ್ರಿಯೆಗೆ ಏನು ಸ್ಥಾನವೋ, ಅವರ ಜಮಾಖರ್ಚಿನಲ್ಲಂತೂ ಜಾಗ ಸಿಕ್ಕಿತು.

ನಮ್ಮಲ್ಲಿಯೂ ಈ ತಕರಾರು ತೀರಿದ್ದಲ್ಲ. ಕುಕ್ಕೆಯ ಸುಬ್ರಹ್ಮಣ್ಯ ಮಠದ ಪರಂಪರೆ ಮಧ್ವಾಚಾರ್ಯರ ತಮ್ಮ ವಿಷ್ಣುತೀರ್ಥರಿಂದ ಬಂದದ್ದು. ಮಧ್ವರ ಮತದಲ್ಲಿ ಕರ್ಮ ಮನಸ್ಸನ್ನು ಶುದ್ಧ ಮಾಡುತ್ತದೆ ಅಷ್ಟೇ. ಮೋಕ್ಷ ಕೊಡುವುದು ಭಗವಂತನ ಪ್ರಸಾದ, ಅದನ್ನು ಯಾರೂ ಗಳಿಸಿ ತರುವಂತಿಲ್ಲ. ಕುರಾನು ನಂಬಿಕೆಯನ್ನೂ ಸತ್ಕರ್ಮವನ್ನೂ ಮತ್ತೆ ಮತ್ತೆ ಜತೆಜತೆಯಾಗಿ ಹೇಳುತ್ತದೆ. ಪ್ರವಾದಿಗಳಾದರೋ ತಮ್ಮನ್ನೂ ಸೇರಿಸಿ ಯಾರೂ ಬರೀ ಕರ್ಮದ ಬಲದಿಂದ ಸ್ವರ್ಗ ಸೇರರು, ಅಲ್ಲಾಹನ ಕರುಣೆ ಬೇಕು ಎಂದಿದ್ದಾರೆ. ಜೈನರು ದರ್ಶನ, ಜ್ಞಾನ, ಚಾರಿತ್ರ ಮೂರನ್ನೂ ಒಟ್ಟಿಗೇ ಕೇಳುತ್ತಾರೆ. ದೇವರ ಗೊಡವೆಯೇ ಬೇಡ, ಕೆಲಸ ಮಾಡಿ ಎನ್ನುವವರಿಗೆ ಪುತ್ತೂರಿನ ಬಾಲವನದಲ್ಲಿ ದಶಕಗಟ್ಟಲೆ ಇದ್ದ ಶಿವರಾಮ ಕಾರಂತರು ಇದ್ದಾರೆ. ಆದರೆ ನಾಸ್ತಿಕನಾಗಿದ್ದರೆ ನಾನು ಸರಿಹೋಗುತ್ತಿದ್ದೆ ಎಂದು ನನಗೆ ಅನಿಸುವುದಿಲ್ಲ. ಲೆಕ್ಕದ ಹಾಳೆ ತೆರೆಯಲು ದೇವರು ಬೇಕಾಗಿಲ್ಲ.

ಈ ಓದೆಲ್ಲ ಆದದ್ದು ಹಣ ವಾಪಸು ಬಂದ ಮೇಲೆ. ಓದಿದ ಮೇಲೆ ನನಗೆ ಕಂಡದ್ದು ಒಂದು: ಮೋಕ್ಷಕ್ಕೆ ದಾರಿ ಯಾವುದು ಎಂದು ಕೇಳುವಾಗ ನಾನು ಕೇಳುತ್ತಿದ್ದದ್ದು ನನ್ನ ಮೋಕ್ಷದ ಬಗ್ಗೆ. ಕುಕ್ಕೆಯಲ್ಲಿ ಕೂತಾಗಲೂ, ಗಾಲಿಕುರ್ಚಿ ತಂದಾಗಲೂ ನನ್ನ ಕಣ್ಣು ನನ್ನ ಖಾತೆಯ ಮೇಲೆಯೇ ಇತ್ತು. ಮರ ಹತ್ತುವವನ ಬೆನ್ನು ಆ ಪ್ರಶ್ನೆಯೊಳಗೆ ಬಂದದ್ದು ಅದು ಮುರಿದ ಮೇಲೆ. ಮುರಿಯುವ ಮೊದಲು ಯೋಚಿಸಿದ್ದರೆ ಮಾಡಬಹುದಾದದ್ದು ತೀರ ಸಣ್ಣದು, ಯಾರ ಎದುರೂ ಹೇಳಿಕೊಳ್ಳುವಂಥದ್ದಲ್ಲ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಿಂದಲೇ ಇತ್ತು. ಆಗ ವರ್ಷದ ಕಂತು 12 ರೂಪಾಯಿ. ಅಪಘಾತದಲ್ಲಿ ಸತ್ತರೆ, ಎರಡೂ ಕಾಲಿನ ಬಲ ಶಾಶ್ವತವಾಗಿ ಹೋದರೆ 2 ಲಕ್ಷ ರೂಪಾಯಿ. ನನ್ನ ಖಾತೆಯಿಂದ ಆ 12 ರೂಪಾಯಿ ಪ್ರತಿ ವರ್ಷ ಕಡಿತವಾಗುತ್ತಿತ್ತು. ಮರ ಹತ್ತುವವ ನಾನಲ್ಲ.

ಅವನು ಈಗ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಾನೆ. ನಮ್ಮ ಅಡಿಕೆ ಅಲ್ಲ.

ಆ ಕಂತು 2022ರಿಂದ 20 ರೂಪಾಯಿ ಆಗಿದೆ. ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಖಾತೆ ಇರುವ, 18ರಿಂದ 70 ವರ್ಷದೊಳಗಿನ ಯಾರು ಬೇಕಾದರೂ ಸೇರಬಹುದು. ಅದರ ವರ್ಷ ಶುರುವಾಗುವುದು ಜೂನ್ 1ಕ್ಕೆ, ಹೆಚ್ಚುಕಡಿಮೆ ನಾವು ಮೊದಲ ಮದ್ದು ಬಿಡುವ ಹೊತ್ತಿಗೇ. ನಿಮ್ಮ ತೋಟದ ಮರ ಹತ್ತುವವರ ಪಾಸ್‌ಬುಕ್ಕಿನಲ್ಲಿ ಆ 20 ರೂಪಾಯಿ ಕಡಿತವಾಗಿದೆಯೋ ಕೇಳಿ. ಇಲ್ಲವಾದರೆ ಮೈಲುತುತ್ತು ತರಲು ಪೇಟೆಗೆ ಹೋಗುವ ದಿನ ಅವರನ್ನೂ ಜತೆಗೆ ಬ್ಯಾಂಕಿಗೆ ಕರೆದುಕೊಂಡು ಹೋಗಿ.